ಹಲ್ಲಿನ ಹಿಂದಿನ ಸದ್ದು

ಮೊದಲೇ ಹೇಳಿಬಿಡುತ್ತೇನೆ: ಅವಳ ಹೆಸರನ್ನು
ನಾನಿಲ್ಲಿ ಸರಿಯಾಗಿ ಬರೆದಿಲ್ಲ.
ನ್ಚುಮಿಸಾ ಅಂತ ಬರೆದಿದ್ದೇನೆ. ಆ 'ಚ' ಸುಳ್ಳು.
ಅಯ್ಯೋ ಪಾಪ ಅನ್ನುವಾಗ ಹಲ್ಲಿನ ಹಿಂದೆ ನಾಲಿಗೆ
ಲೊಚ್ ಅನ್ನುತ್ತದಲ್ಲ, ಅದು ಇರಬೇಕಿತ್ತು ಅಲ್ಲಿ.
ನಮ್ಮ ಬಾಯಲ್ಲಿ ಅದು ಇದೆ; ನಲವತ್ತೊಂಬತ್ತರ ಪಂಕ್ತಿಯಲ್ಲಿ ಮಾತ್ರ
ಅದಕ್ಕೆ ಮಣೆ ಹಾಕಿದವರಿಲ್ಲ.

ಗೆಬೆರ್ಹಾದ ಸರ್ಕಾರಿ ಆಸ್ಪತ್ರೆ, ಔಷಧದ ಕಿಟಕಿ.
(ಊರಿನ ಹೆಸರಲ್ಲೂ ಒಂದು ಸದ್ದು ಬಿಟ್ಟುಹೋಗಿದೆ, ಮನ್ನಿಸಿ.)
ಕಡಲ ಗಾಳಿಗೆ ಸೂರಿನ ತಗಡು ಬಡಿದುಕೊಳ್ಳುತ್ತದೆ.
ಹೊಸದಾಗಿ ಕೂರಿಸಿದ ಮಾತಾಡುವ ಯಂತ್ರ
ಸರದಿಯವರನ್ನು ಹೆಸರು ಹಿಡಿದು ಕರೆಯುತ್ತದೆ,
ಯಾವ ಗುಳಿಗೆ ಊಟಕ್ಕೆ ಮೊದಲು, ಯಾವುದು ಆಮೇಲೆ,
ಹತ್ತು ಸಲ ಕೇಳಿದರೂ ಸಿಡುಕದೆ ಹೇಳುತ್ತದೆ.

ಕಳೆದ ಮಂಗಳವಾರ ಮಮ್‌ಕ್ವಾಥಿ
(ಹಿರಿಯರನ್ನು ಕುಲದ ಹೆಸರಿನಿಂದ ಕರೆಯುವುದು ಅಲ್ಲಿನ ಮರ್ಯಾದೆ)
ಬೆಳಗ್ಗೆ ಏಳಕ್ಕೆ ಬಂದವಳು ಸಂಜೆ ನಾಲ್ಕರ ತನಕ ಕೂತೇ ಇದ್ದಳು.
ಯಂತ್ರ ಹನ್ನೊಂದು ಸಲ ಕರೆದಿತ್ತು.
'ಯಾರೋ ಏನೋ, ಬಂದೇ ಇಲ್ಲ ನೋಡು ಪಾಪ'
ಅಂತ ಅಜ್ಜಿಯೇ ಪಕ್ಕದವಳಿಗೆ ಹೇಳಿದಳಂತೆ.

ಅದಕ್ಕೇ ಇವತ್ತು ನ್ಚುಮಿಸಾ ಕೂತಿದ್ದಾಳೆ, ಎದುರಿಗೆ ಪದಗಳ ಪಟ್ಟಿ,
ಫ್ಲಾಸ್ಕಿನಲ್ಲಿ ಕೆಂಪು ಚಹಾ, ತುದಿ ಕಚ್ಚಿದ ಪೆನ್ಸಿಲ್ಲು.
ಮೊಟ್ಟೆ ಅನ್ನು. ಅಂದಿತು.
ಹಾಗಲ್ಲ. ಬಾಟಲಿಯ ಬಿರಡೆ ಕಿತ್ತ ಹಾಗೆ, ಅಂಗುಳಿನಿಂದ.
ಕಿವಿಯೋಲೆ ಅನ್ನು. ಅದರಲ್ಲಿ ಎರಡು ಲೊಚ್;
ಎರಡನ್ನೂ ಕಕಾರ ಮಾಡಿ ಕೈತೊಳೆದುಕೊಂಡಿತು.
ಗಂಟಲಿನ ಕೊಳವೆ ಅನ್ನು.
ಅವಳ ಭಾಷೆಯಲ್ಲಿ ಆ ಪದಕ್ಕೆ ಒಂದರ ಹಿಂದೊಂದು ಮೂರು ಬಿರಡೆ.
ಗಂಟಲೇ ಇಲ್ಲದ್ದು ಮೂರೂ ಕಡೆ ಮುಗ್ಗರಿಸಿತು.

ವಿನಯ ಕಲಿಸಿದ್ದಾರೆ ಅದಕ್ಕೆ. ತಪ್ಪಾಯಿತು, ಅಂದಿತು.
ಆದರೆ ಅಲ್ಲಿ ತಪ್ಪಾಯಿತು ಅನ್ನುವ ಮಾತಿನ ನಡುಮಧ್ಯದಲ್ಲೂ
ಒಂದು ಸದ್ದು ಕಾಯುತ್ತಿರುತ್ತದೆ,
ಎತ್ತಿಗೆ ನಡೆ ಅನ್ನುವಾಗ ದವಡೆಯ ಪಕ್ಕ ಹುಟ್ಟುವಂಥದು.
ಅದೂ ತಪ್ಪಿತು.
ತಪ್ಪಾಯಿತು ಅನ್ನುವುದನ್ನೇ ತಪ್ಪಾಗಿ ಅಂದದ್ದಕ್ಕೆ
ಮತ್ತೆ ತಪ್ಪಾಯಿತು ಅಂದಿತು. ಮತ್ತೆ ತಪ್ಪು. ಮತ್ತೆ.
ನೆಲ ಒರೆಸುತ್ತಿದ್ದ ಲುಂಗೆಲ್ವಾ ನಕ್ಕು ನಕ್ಕು
ಕೋಲಿಗೆ ಆತುಕೊಂಡಳು.

ನ್ಚುಮಿಸಾ ನಗಲಿಲ್ಲ.
ಏಳು ವರ್ಷದವಳಿದ್ದಾಗ, ಹಾಜರಿ ಪುಸ್ತಕದ ಮಿಸ್ ಫಾನ್ ಸ್ಟಾಡೆನ್
ಎರಡು ದಿನ ಎಡವಿ, ಮೂರನೆಯ ದಿನ ಅವಳನ್ನು ನೂಮಿ ಮಾಡಿಕೊಂಡರು.
ಹನ್ನೆರಡು ವರ್ಷ ನೂಮಿಯೇ ಕೈಯೆತ್ತಿದ್ದು.
ಬ್ಯಾಂಕಿನಲ್ಲಿ, ಬಾಡಿಗೆ ಮನೆಯ ಬಾಗಿಲಲ್ಲಿ, ಈ ಕೆಲಸದ ಸಂದರ್ಶನದಲ್ಲೂ
ತಾನೇ ಮುಂದಾಗಿ ನೂಮಿ ಅಂದುಬಿಟ್ಟಳು,
ಎದುರಿನವರ ನಾಲಿಗೆಗೆ ನೋವಾಗದಿರಲಿ ಅಂತ.
ತಪ್ಪಾಯಿತು ಅಂತ ಒಬ್ಬರೂ ಅಂದಿರಲಿಲ್ಲ,
ಸರಿಯಾಗಿ ಬೇಡ, ತಪ್ಪಾಗಿ ಕೂಡ.

ನಾನೇನು ಕಡಿಮೆಯೆ? ೞಕಾರವನ್ನು ಶಾಸನದ ಕಲ್ಲಲ್ಲೇ ಬಿಟ್ಟು ಬಂದ
ಮನೆತನ ನನ್ನದು. ಅದನ್ನು ಅನ್ನು ಅಂದರೆ
ಳ ಅಂದು ಮುಖ ಆಚೆ ತಿರುಗಿಸುತ್ತೇನೆ.

ಮಧ್ಯಾಹ್ನ ಮಮ್‌ಕ್ವಾಥಿಯನ್ನೇ ಕರೆಸಿದರು.
ಮುಂದಿನ ನಾಲ್ಕು ಹಲ್ಲಿಲ್ಲ; ಅವಳ ಸದ್ದಿಗೆ ಹಲ್ಲು ಬೇಡ, ಅಂಗುಳು ಸಾಕು.
ಮೈಕಿನ ಮುಂದೆ ಇಪ್ಪತ್ತು ಸಲ ಹೆಸರು ಹೇಳಿದಳು.
ಇಪ್ಪತ್ತೊಂದನೆಯದಕ್ಕೆ ದುಡ್ಡು ಕೊಡುತ್ತೀರಾ, ಅಂದಳು.

ಸಂಜೆಗೆ ಮೊಟ್ಟೆ ಒಂದಿಷ್ಟು ಸರಿಹೋಗಿತ್ತು.
ಕಿವಿಯೋಲೆ ಇನ್ನೂ ಇಲ್ಲ.
ಇವತ್ತಿಗೆ ಮುಗಿಸೋಣವೇ, ನಿಮ್ಮ ಹೆಸರು ಬರೆದುಕೊಳ್ಳಲೇ,
ಕೇಳಿತು ಯಂತ್ರ.
ನೂಮಿ ಅನ್ನಲು ಬಾಯಿ ತೆರೆದವಳ ನಾಲಿಗೆ
ಹಲ್ಲಿನ ಹಿಂದೆ ಹೋಗಿ ಅಂಟಿಕೊಂಡಿತು, ಕಿತ್ತಿತು.
ಅದು ಅಂದಿತು. ನಾನಿಲ್ಲಿ ಬರೆದ ಹಾಗೆಯೇ ಅಂದಿತು,
ಅದೇ ಸುಳ್ಳು 'ಚ'.

ಮತ್ತೆ ಅನ್ನು, ಅಂದಳು, ಚಹಾ ಬಗ್ಗಿಸಿಕೊಳ್ಳುತ್ತ.